ಅಡ್ಡಪಟ್ಟಿಯ ತೂತುಗಳು

ಎದೆಯ ಕಡೆ ಇಸ್ತ್ರಿ ಕೆಡದ ಬಿಳಿ ಅಂಗಿ, ಬೆನ್ನಿಗೆ ಮಾತ್ರ ಎಣ್ಣೆಯ ಕಪ್ಪು. ಹಿಮಾಯತ್‌ನಗರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರನ್ನು ನೆನೆದರೆ ಮೊದಲು ಕಾಣುವುದು ಇದೇ. ದಿನವೂ ಹಾಗೇ ಇರುತ್ತಿದ್ದರೇ? ಇರಲಾರದು. ನೆನಪು ಒಂದೇ ಅಂಗಿಯನ್ನು ಎಲ್ಲ ದಿನಗಳಿಗೂ ತೊಡಿಸಿಬಿಟ್ಟಿದೆ.

ಗದಗದ ಕಡೆಯವರು. ವಾಹನ ಕಾರ್ಖಾನೆಯೊಂದರಿಂದ ನಿವೃತ್ತರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅಂಗಳದಲ್ಲಿ ಹರಾಜಿನಲ್ಲಿ ಕೊಂಡ ಹಳೆಯ ಜೀಪು. ನಾನೂ ಸೇರಿ ಊರೆಲ್ಲ ಅಮೀರ್‌ಪೇಟ್‌ನ ಕಂಪ್ಯೂಟರ್ ಕ್ಲಾಸುಗಳಿಗೆ ಓಡುತ್ತಿದ್ದ ಕಾಲದಲ್ಲಿ, ಅವರು ಜೀಪಿನ ಕೆಳಗೆ ಮಲಗಿ ಎರಕದ ಭಾಗಗಳ ಮೇಲೆ ಉಬ್ಬಿದ ತಾರೀಕುಗಳನ್ನು ಓದುತ್ತಿದ್ದರು. ಒಂದೊಂದು ಭಾಗಕ್ಕೆ ಒಂದೊಂದು ವರ್ಷ. ಎಂಜಿನ್ ಯಾವಾಗಲೋ ಬದಲಾಗಿತ್ತು.

"ತಾರೀಕು ನಂಬಬ್ಯಾಡ ತಂಗಿ. ತೂತು ನೋಡು."

ಒಮ್ಮೆ ನನ್ನನ್ನೂ ಕೆಳಗೆ ಮಲಗಿಸಿ ಚಾಸಿಯ, ಅಂದರೆ ಗಾಡಿಯ ಕೆಳಚೌಕಟ್ಟಿನ, ಅಡ್ಡಪಟ್ಟಿಗೆ ಬೆರಳು ಹಚ್ಚಿಸಿದರು. ಕೈಯಿಂದ ಕೊರೆದ, ಅಂಚು ಒರಟಾದ ತೂತುಗಳು. ಮಾರಾಟದ ಜೀಪುಗಳು ಬರುವ ಮೊದಲು ಅವರ ಕಾರ್ಖಾನೆಯಲ್ಲಿ ಪರೀಕ್ಷೆಗೆಂದು ಕೆಲವನ್ನು ಮಾಡಿದ್ದರಂತೆ. ಗೇರ್‌ಬಾಕ್ಸ್ ಎಲ್ಲಿ ಕೂರಿಸುವುದೆಂದು ಖಚಿತವಾಗದೆ ಒಂದು ಕಡೆ ಕೊರೆದು, ಓಡಿಸಿ ನೋಡಿ, ಮತ್ತೊಂದು ಕಡೆ ಕೊರೆಯುತ್ತಿದ್ದರಂತೆ.

"ಕೊರದವರೊಳಗ ನಾ ಒಬ್ಬಾಂವ ಉಳದೀನಿ. ಇನ್ನ ಈ ತೂತಽ ಮಾತಾಡಬೇಕು."

ಹಳೆ ಗಾಡಿಗಳ ಸಂಘದ ಒಬ್ಬ ಸಾಫ್ಟ್‌ವೇರ್ ಹುಡುಗ ನೋಡಲು ಬರುತ್ತೇನೆಂದ. ಅವನು ಒಪ್ಪಿದರೆ, ಇದು ಆ ಪರೀಕ್ಷೆಯ ಜೀಪುಗಳಲ್ಲೊಂದು ಎಂಬ ಮಾಲೀಕರ ಮಾತು ಬರೀ ಕತೆಯಲ್ಲವೆಂದಾಗುತ್ತಿತ್ತು. ನೆಂಟರು ಬರುವ ಮುನ್ನ ಗೋಡೆಗೆ ಸುಣ್ಣ ಬಳಿಯುವವರ ಹಾಗೆ, ಅವರು ತುಕ್ಕು ಕೆರೆದು ಬಣ್ಣ ಹಚ್ಚಲೆಂದು ಜೀಪನ್ನು ಪರಿಚಯದ ಮೆಕ್ಯಾನಿಕ್‌ಗೆ ಕೊಟ್ಟರು.

ಅವನು ತಂದು ನಿಲ್ಲಿಸಿ ನಕ್ಕ. "ನೀಚೆ ಕೇ ಛೇದಾಂ ಭೀ ಬಂದ್ ಕರ್ ದಿಯಾ ಚಾಚಾ. ಅಬ್ ಪಾನಿ ನೈ ಘುಸ್ತಾ."

ನೀರು ನುಗ್ಗದಿರಲೆಂದು ತೂತುಗಳನ್ನೆಲ್ಲ ವೆಲ್ಡಿಂಗ್‌ನಿಂದ ಮುಚ್ಚಿ, ಉಜ್ಜಿ ನುಣುಪು ಮಾಡಿದ್ದ. ಮಾಲೀಕರು ಬಗ್ಗಿ ನೋಡಿದರು. ಬಹಳ ಹೊತ್ತು ಏಳಲಿಲ್ಲ. ಆಮೇಲೆ "ಅಚ್ಛಾ ಕಿಯಾ ಬೇಟಾ" ಎಂದು ಅವನಿಗೆ ಚಹಾ ತರಿಸಿದರು.

ಭಾನುವಾರ ಸಂಘದ ಹುಡುಗ ಬಂದ. ಎಂಜಿನ್ನಿನ ತಾರೀಕು ನೋಡಿ, "ಲೇಟ್ ಮಾಡೆಲ್ ಅಂಕಲ್. ಆದ್ರೆ ಮೇಂಟೆನೆನ್ಸ್ ಸೂಪರ್" ಎಂದ. ಮಾಲೀಕರು ತಲೆಯಾಡಿಸಿ ಅವನನ್ನು ಗೇಟಿನವರೆಗೆ ಕಳಿಸಿಬಂದರು.

"ತೂತಿನ ವಿಷಯ ಯಾಕ ಹೇಳಲಿಲ್ರಿ ಕಾಕಾ?"

"ಹೇಳಿದ್ರ ವೆಲ್ಡಿಂಗ್ ಮಾಡಿದಾಂವಗ ಬೈತಿದ್ದ. ಪಾಪ, ಭಾಳ ಛಲೋ ಕೆಲಸ ಮಾಡೀನಿ ಅಂತ ಅಂವ ಖುಷೀಲೆ ಹೋಗ್ಯಾನ." ಆಮೇಲೆ ಕೇಳಿದರು: "ನೀ ಅಂತೂ ಮುಟ್ಟಿ ನೋಡೀದಿ, ಹೌದಿಲ್ಲೋ?"

"ನೋಡೀನ್ರಿ."

ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಜೀಪು ಕೊಂಡವನು ಹೇಗೋ ನನ್ನ ನಂಬರು ಹುಡುಕಿ ಫೋನ್ ಮಾಡಿ, ಅದು ಯಾವ ಕಾಲದ್ದೆಂದು ಕೇಳಿದ. ಪರೀಕ್ಷೆಗೆ ಮಾಡಿದ ಗಾಡಿ, ಅಡ್ಡಪಟ್ಟಿಯಲ್ಲಿ ತೂತುಗಳಿದ್ದವು, ನಾನೇ ಮುಟ್ಟಿದ್ದೇನೆ ಎಂದೆ. ಎಷ್ಟಿದ್ದವು ಎಂದ. ನೆನಪಿಗೆ ಬಂದ ಒಂದು ಸಂಖ್ಯೆ ಹೇಳಿದೆ. ಫೋನಿಟ್ಟ ಮೇಲೆ, ಅದು ಸರಿಯೋ ತಪ್ಪೋ ಎಂದು ಕೇಳಿ ತಿಳಿಯೋಣವೆಂದರೆ, ಗೊತ್ತಿದ್ದವರು ಒಬ್ಬರೂ ಉಳಿದಿರಲಿಲ್ಲ.