ನ್ಯಾನೋ ಎಣ್ಣೆಯೂ ತೊಟ್ಟಿಲ ಗುಂಡುಗಳೂ

ರಾಮನಗರದ ನಮ್ಮ ಮನೆಯ ಗೇಟು ಕಿರುಗುಟ್ಟುತ್ತದೆ. ತೆರೆಯುವಾಗ ಮಂದ್ರದಲ್ಲಿ ಆರಂಭಿಸಿ, ಮುಚ್ಚುವಾಗ ತಾರಸ್ಥಾಯಿಗೇರಿ, ಬೀದಿಯ ಸಮಸ್ತ ನಾಯಿಗಳಿಗೂ ನನ್ನ ಆಗಮನ ನಿರ್ಗಮನಗಳನ್ನು ನಿವೇದಿಸಿದ ಮೇಲೆಯೇ ಅದು ಸುಮ್ಮನಾಗುವುದು. ಒಂದು ತೊಟ್ಟು ಎಣ್ಣೆ ಬಿಡಿ ಎಂದು ನನ್ನಾಕೆ ಜಯಮ್ಮ ಹೇಳುತ್ತಲೇ ಬಂದಿದ್ದಾಳೆ. ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳಿಗೆ ಎಣ್ಣೆ ಹಾಕಿಸುವುದನ್ನೇ ವೃತ್ತಿಯಾಗಿಸಿಕೊಂಡು ನಿವೃತ್ತನಾದವನ ಮನೆಯ ಗೇಟಿಗೇ ಈ ಗತಿಯೇ ಎಂದು ನೀವು ನಗಬಹುದು. ನಾನೂ ನಗುತ್ತೇನೆ, ಆಕೆ ಎದುರಿಗಿಲ್ಲದಾಗ.

ಮೊನ್ನೆ ಹಳೆಯ ಸಹೋದ್ಯೋಗಿಯೊಬ್ಬ ನ್ಯಾನೋ ಕಣಗಳನ್ನು ಬೆರೆಸಿದ ಎಣ್ಣೆಯ ಪುಟ್ಟ ಸೀಸೆಯೊಂದನ್ನು ಕೊಟ್ಟ. ಒಂದು ತಲೆಗೂದಲನ್ನು ಸಾವಿರಾರು ಎಳೆಗಳಾಗಿ ಸೀಳಿದರೆ ಎಷ್ಟು ತೆಳುವಾದೀತೋ ಅಷ್ಟು ಸೂಕ್ಷ್ಮವಂತೆ ಆ ಕಣಗಳು. ನನ್ನ ತಲೆಯಲ್ಲಂತೂ ಆ ಪ್ರಯೋಗಕ್ಕೆ ಸಾಮಗ್ರಿ ಉಳಿದಿಲ್ಲ. ಕನ್ನಡಿಯಂತೆ ಹೊಳೆಯುವ ಲೋಹದ ಮೈಯಲ್ಲೂ ನಮ್ಮೂರ ಬೆಟ್ಟಗಳಂಥ ಏರುತಗ್ಗುಗಳಿರುತ್ತವೆ. ಈ ಕಣಗಳು ತಗ್ಗುಗಳನ್ನು ತುಂಬಿ, ಜಗಲಿಯ ಮೇಲೆ ಚೆಲ್ಲಿದ ರಾಗಿ ಕಾಲಡಿ ಉರುಳುವಂತೆ ಎರಡು ಮೈಗಳ ನಡುವೆ ಉರುಳುತ್ತ, ಘರ್ಷಣೆಯನ್ನೂ ಸವೆತವನ್ನೂ ತಗ್ಗಿಸುತ್ತವೆ. ಇಂಥ ಕುಲೀನ ದ್ರವವನ್ನು ಗೇಟಿಗೆ ಸುರಿಯಲು ಮನಸ್ಸು ಒಪ್ಪಲಿಲ್ಲ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಬಾಲ್ಯಸ್ನೇಹಿತ ಬಶೀರನ, ಮರ ಕಡೆಯುವ ಲೇತ್ ಯಂತ್ರವೂ ಹೀಗೇ ಅರಚುವುದು ನೆನಪಾಗಿ ಬಸ್ಸು ಹತ್ತಿದೆ. ಕಣಗಳು ತಳ ಸೇರದಂತೆ ಅಲ್ಲಾಡಿಸುತ್ತಿರಬೇಕೆಂದು ಕೊಟ್ಟವನು ಹೇಳಿದ್ದರಿಂದ ದಾರಿಯುದ್ದಕ್ಕೂ ಸೀಸೆಯನ್ನು ಅಲ್ಲಾಡಿಸಿದೆ. ಪಕ್ಕದಲ್ಲಿದ್ದ ಅಜ್ಜಿ ಅದನ್ನು ಕೆಮ್ಮಿನ ಔಷಧಿಯೆಂದು ಬಗೆದು, ದೂರದ ಸೀಟಿಗೆ ಹೋಗಿ ಕೂತು, ಅಲ್ಲಿಂದಲೇ ಇಡೀ ಬಸ್ಸಿಗೆ ಕೇಳುವಂತೆ ಶುಂಠಿ ಕಷಾಯದ ವಿಧಾನವನ್ನು ನನಗೆ ಬೋಧಿಸಿದರು.

ಬಶೀರ ಆಗ ಸಂಕಟದಲ್ಲಿದ್ದ. ಹೆರಿಗೆಗೆ ಬಂದ ಮಗಳ ಚೊಚ್ಚಲ ಕೂಸಿನ ತೊಟ್ಟಿಲಿಗೆ ಬಣ್ಣದ ಗುಂಡುಗಳನ್ನು ಕೈಯಾರೆ ಮಾಡಿ ತೂಗಿಬಿಡುತ್ತೇನೆಂದು ಬೀಗರೆದುರು ಜಂಬ ಕೊಚ್ಚಿಕೊಂಡಿದ್ದ. ಬೀಗರು ಅಂದು ಸಂಜೆಯೇ ಬರುವವರಿದ್ದರು; ಮಾವಿನಕಾಯಿ ಗಾತ್ರದ ಗುಂಡುಗಳು ಬಣ್ಣವಿಲ್ಲದೆ ಬೆತ್ತಲೆ ಬಿದ್ದಿದ್ದವು. ನಾನು ಆಪದ್ಬಾಂಧವನ ಗತ್ತಿನಲ್ಲಿ ಯಂತ್ರದ ಬೇರಿಂಗಿಗೆ ನಾಲ್ಕು ತೊಟ್ಟು ಬಿಟ್ಟೆ. ಅರಚಾಟ ನಿಂತೇಹೋಯಿತು. ಸದ್ದಡಗಿದ್ದರಿಂದ ಗಂಡ ನಿದ್ದೆ ಹೋದನೆಂದು ಬಗೆದು ಅವನ ಹೆಂಡತಿ ಅಡುಗೆಮನೆಯಿಂದ ಓಡಿಬಂದು ನೋಡಿಹೋದರು.

ಬಶೀರ ಪರವಶನಾದ. "ಲೇ ಪುಟ್ಟ, ಇದು ಎಣ್ಣೆ ಅಲ್ಲ ಕಣ್ಲಾ, ದೇವ್ರ ದಯೆ. ಗುಂಡಿಗೂ ಒಸಿ ಹಚ್ಬುಡಾನ, ನುಣ್ಣಗಾಯ್ತವೆ" ಎಂದ. ನಾನು ವೈಜ್ಞಾನಿಕವಾಗಿ ತಲೆಯಾಡಿಸಿ, ಒಂದೊಂದು ಗುಂಡಿಗೂ ಕೂಸಿಗೆ ಎಣ್ಣೆ ನೀವುವ ಶ್ರದ್ಧೆಯಿಂದ ನೀವಿದೆ.

ಚನ್ನಪಟ್ಟಣದ ಬೊಂಬೆಗೆ ಬಣ್ಣ ಬಳಿಯಲು ಕುಂಚವಿಲ್ಲ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಾಟದ ಕಾವಿಗೆ ಅರಗು ಕರಗಿ ಮರವನ್ನು ಅಪ್ಪಿಕೊಳ್ಳುತ್ತದೆ. ಹುಟ್ಟಿದಾರಭ್ಯ ಇದನ್ನು ಬಲ್ಲ ಬಶೀರನೂ, ಘರ್ಷಣೆಯಿಂದ ಶಾಖವೆಂದು ಊರಿಗೆಲ್ಲ ಹೇಳುತ್ತಿದ್ದ ನಾನೂ, ಆ ಸೀಸೆಯ ಮಹಿಮೆಯಲ್ಲಿ ಅದನ್ನು ಮರೆತಿದ್ದೆವು. ಅರಗು ಕರಗಲಿಲ್ಲ, ಜಾರಿತು. ಬಶೀರ ಬಲವಾಗಿ ಒತ್ತಿದ. ಕೆಂಪು ಕಡ್ಡಿ ಅವನ ಕೈಯಿಂದ ಚಿಮ್ಮಿ ನನ್ನ ಟೀ ಲೋಟದಲ್ಲಿ ಸ್ನಾನ ಮಾಡಿತು. ಘರ್ಷಣೆಯನ್ನು ಓಡಿಸಲು ಹೋಗಿ ಬಣ್ಣವನ್ನೇ ಊರು ಬಿಡಿಸಿದ್ದೆವು.

"ಬೀಗ್ರು ಬಂದ್ಬುಟ್ರೆ ಏನ್ಲಾ ಮಾಡದು?" ಎಂದ ಬಶೀರನ ಮುಖ ನೋಡಲಾಗಲಿಲ್ಲ. ಅವನು ಎಣ್ಣೆ ಕುಡಿದ ಪದರವನ್ನು ಉಳಿಯಿಂದ ಹೆರೆದ; ಎಣ್ಣೆ ಇನ್ನೂ ಒಳಗಿತ್ತು. ಮತ್ತೆ ಹೆರೆದ. ಮಾವಿನಕಾಯಿ ನಿಂಬೆಯಾಯಿತು, ನಿಂಬೆ ನೆಲ್ಲಿಕಾಯಿಯಾಯಿತು. ಇನ್ನೊಂದು ಸಲ ಹೆರೆದರೆ ಮೆಣಸಿನಕಾಳೇ ಗತಿ ಎನ್ನುವಾಗ ಅರಗು ಗಕ್ಕನೆ ಹಿಡಿಯಿತು. ಕೆಂಪು, ಹಳದಿ, ಹಸಿರು ಒಂದರ ಹಿಂದೊಂದು ಮಿಂಚಿದವು. ನನಗೆ ಹೋದ ಜೀವ ಬಂದಂತಾಯಿತು.

ಬೀಗರು ಬಂದರು. ಬೀಗಿತ್ತಿ ಗುಂಡುಗಳನ್ನು ಹತ್ತಿರದಿಂದ ನೋಡಿ, ಇಷ್ಟು ಪುಟ್ಟ ಗುಂಡನ್ನು ಎಲ್ಲೂ ಕಂಡಿಲ್ಲವೆಂದರು. "ಕೂಸಿನ ಅಳತೆಗೆ ಮಾಡಿರದು" ಎಂದ ಬಶೀರ, ನನ್ನತ್ತ ನೋಡದೆ. ತೊಟ್ಟಿಲಲ್ಲಿದ್ದ ಕೂಸು ಆ ಬಣ್ಣಗಳನ್ನು ನೋಡಿ ಬೊಚ್ಚುಬಾಯಿ ತೆರೆದು ನಕ್ಕಿತು, ಮತ್ತು ಬಶೀರ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ನನಗೂ ಕಣ್ಣು ತುಂಬಿತು. ಉಜ್ಜಾಟವಿಲ್ಲದಿದ್ದರೆ ಈ ಲೋಕದಲ್ಲಿ ಯಾವ ಬಣ್ಣವೂ ಯಾರ ಮೈಗೂ ಹತ್ತುವುದಿಲ್ಲವೆಂದು ಅನ್ನಿಸಿ, ಯಾಕೋ ಜಯಮ್ಮ ನೆನಪಾದಳು.

ಮನೆಗೆ ಬಂದು ಗೇಟು ತೆರೆದೆ. ಅದು ಕಿರುಗುಟ್ಟಿದ್ದೇ ತಡ, ಒಳಗೆ ತಟ್ಟೆಯಿಟ್ಟ ಸದ್ದಾಯಿತು. ಇಷ್ಟು ವರ್ಷ ಮುದ್ದೆ ಬಿಸಿಯಾಗಿರುತ್ತಿದ್ದುದು ಹೇಗೆಂದು ಆಗ ಹೊಳೆಯಿತು. ಸೀಸೆಯಲ್ಲಿ ಕೊಂಚ ಉಳಿದಿತ್ತು. ಮರುದಿನ ಬೆಳಿಗ್ಗೆ ಆಕೆಯ ಮಾತಿಗೆ ಬೆಲೆ ಕೊಟ್ಟು ಗೇಟಿನ ಮೇಲಿನ ತಿರುಗಣಿಗೆ ಎಣ್ಣೆ ಬಿಟ್ಟೆ, ಕೆಳಗಿನದನ್ನು ನನ್ನ ಮುದ್ದೆಯ ಸಲುವಾಗಿ ಹಾಗೆಯೇ ಬಿಟ್ಟೆ.

ಈಗ ನಮ್ಮ ಗೇಟು ಅರ್ಧ ಮಾತ್ರ ಹಾಡುತ್ತದೆ. ಅಂದು ಪೇಟೆಗೆ ಹೋಗಿ ಬಂದಾಗ ಜಯಮ್ಮ ಒಳಗಿನಿಂದ ಕೇಳಿದಳು: "ಪೂರಾ ಬಂದ್ರೋ, ಅರ್ಧಕ್ಕೇ ನಿಂತ್ರೋ?"

ಪೂರಾ ಬಂದೆ ಎಂದೆ.