ಕೊಲೆಗಾರನನ್ನು ಬದಲಿಸಿದ ಅಧ್ಯಾಯ

ಭಾಗ್ಯಮ್ಮ, ನಿಮ್ಮ ತಂದೆ ತಮ್ಮ ಅಣ್ಣನನ್ನು ಕೊಂದಿರಲಿಲ್ಲ. ಕೊಂದವನನ್ನು ನಾನು ಕಣ್ಣಾರೆ ಕಂಡಿದ್ದೆ. ಕಂಡೂ, ನಿಮ್ಮ ತಂದೆಯೇ ಕೊಲೆಗಾರ ಎಂದು ತೋರುವಂಥ ಕಾದಂಬರಿಯೊಂದನ್ನು ಬರೆದೆ. ನನ್ನ ಕೈಯಿಂದಲೇ ದುಡ್ಡು ಹಾಕಿ ಅಚ್ಚು ಮಾಡಿಸಿದೆ. ನಿಮ್ಮೂರಿನ ಅಂಗಡಿಗೆ ನಾನೇ ಹೋಗಿ ಕೊಟ್ಟು ಬಂದೆ. ಆ ಪುಸ್ತಕ ನಿಮ್ಮ ದೊಡ್ಡಮ್ಮನ ಕೈಗೆ ಮಚ್ಚು ಕೊಟ್ಟಿತು — ಅಲ್ಲ, ಪುಸ್ತಕದ ಮೇಲೆ ಹೊರಿಸಿದರೆ ಅದೂ ತಪ್ಪಿಸಿಕೊಂಡ ಹಾಗೆಯೇ. ನಾನು ಕೊಟ್ಟೆ.

ನಾನು ಯಾರೆಂದು ನಿಮಗೆ ತಿಳಿದಿರಲಾರದು. ರಾಮನಗರದವನು. ಆ ಕಾಲದಲ್ಲಿ ಕತೆ ಬರೆದು ಮಾರುವುದೇ ನನ್ನ ಕಸುಬು. ಯಾವ ಪ್ರಕಾಶಕರೂ ನನ್ನನ್ನು ಹತ್ತಿರ ಸೇರಿಸಿರಲಿಲ್ಲ. ಹಾಗಾಗಿ ಚನ್ನಪಟ್ಟಣದ ಸಣ್ಣ ಪ್ರೆಸ್ಸೊಂದರಲ್ಲಿ ನಾನೇ ಅಚ್ಚು ಹಾಕಿಸುತ್ತಿದ್ದೆ. ಪತ್ತೇದಾರಿ, ದೆವ್ವದ ಕತೆ, ಪ್ರೇಮ, ಪಾಳೇಗಾರರ ಕಾಲದ ಕತೆ — ಒಮ್ಮೆ ಕನಕಪುರದ ಮೇಷ್ಟ್ರೊಬ್ಬರನ್ನು ಮಂಗಳಗ್ರಹಕ್ಕೂ ಕಳಿಸಿದ್ದೆ. ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ದಿನಗಳವು. ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹುಡುಗಿಯರು ಪ್ರೇಮದ ಕತೆ ಕೊಳ್ಳುತ್ತಿದ್ದರು. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಕಾದು ಕೂತವರಿಗೆ ಕೊಲೆಯ ಕತೆಯೇ ಬೇಕು. ಯಾವುದು ಓಡುತ್ತದೋ ಅದನ್ನು ಬರೆಯುತ್ತಿದ್ದೆ. ಕಟ್ಟುಗಳನ್ನು ಮೊಪೆಡ್ಡಿನ ಹಿಂದೆ ಬಿಗಿದುಕೊಂಡು ಊರೂರು ಸುತ್ತುತ್ತಿದ್ದೆ.

ಹಾಗೆ ಸುತ್ತುವಾಗಲೇ ನಿಮ್ಮೂರಿನ ಜಗಳ ಕಿವಿಗೆ ಬಿದ್ದದ್ದು. ಕಾರ್ಖಾನೆಗಳಿಗೆ, ರಸ್ತೆಗಳಿಗೆ ಜಲ್ಲಿ ಬೇಕಿತ್ತು. ಮಾಗಡಿ ಕಡೆಯ ಕಲ್ಯದಿಂದಾಚೆ, ಸಾವನದುರ್ಗ ಕಾಣುವ ಆ ಬಯಲಿನಲ್ಲಿ ಕ್ರಷರ್ ಹಾಕಿದ್ದರು. ಅದರ ದೂಳು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತಿತ್ತು. ಆ ಸೊಪ್ಪು ತಿಂದ ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತಿತ್ತು. ನಿಮ್ಮ ದೊಡ್ಡಪ್ಪ ಸಿದ್ದರಾಜಣ್ಣ ತಮ್ಮ ಹೊಲದ ಮೇಲಿನ ದಾರಿಗೆ ಮುಳ್ಳು ಹಾಕಿ ಲಾರಿ ನಿಲ್ಲಿಸಿದರು. ನಿಮ್ಮ ತಂದೆ ಶಿವಣ್ಣ ಅದೇ ಕ್ರಷರಿನಲ್ಲಿ ಕೆಲಸಕ್ಕಿದ್ದರು, ಲಾರಿ ಬಿಟ್ಟುಬಿಡೋಣ ಎನ್ನುತ್ತಿದ್ದರು. ಅಣ್ಣ ತಮ್ಮ ಅರಳಿಕಟ್ಟೆಯ ಮುಂದೆ ಕೈಕೈ ಮಿಲಾಯಿಸಿದ್ದನ್ನು ಊರೆಲ್ಲ ನೋಡಿತ್ತು. ಅಷ್ಟೇ — ಅಣ್ಣತಮ್ಮಂದಿರ ಜಗಳ. ಅದಕ್ಕಿಂತ ಹೆಚ್ಚಿನದು ಅವರ ನಡುವೆ ಏನೂ ಇರಲಿಲ್ಲ.

ಆ ಮಧ್ಯಾಹ್ನ ನನ್ನ ಮೊಪೆಡ್ ಕೆಟ್ಟು ನಿಂತಿತ್ತು. ಹೊಂಗೆಮರದ ಕೆಳಗೆ ಕೂತಿದ್ದೆ. ಎದುರಿಗೆ ಕ್ವಾರಿಯ ಗುಂಡಿ. ಊಟದ ಹೊತ್ತು, ಯಂತ್ರ ನಿಂತಿತ್ತು. ಗುಂಡಿಯ ಅಂಚಿನಲ್ಲಿ ಸಿದ್ದರಾಜಣ್ಣನೂ ಕ್ರಷರ್ ನೋಡಿಕೊಳ್ಳುತ್ತಿದ್ದ ಗಿರೀಶನೂ ಜೋರಾಗಿ ಮಾತಾಡುತ್ತಿದ್ದರು. ಲಾರಿಗೆ ದಾರಿ ಬಿಡೋದಿಲ್ಲ ಎಂದು ಇವರು, ಬಿಡಿಸೋದು ಹೇಗೆಂದು ಗೊತ್ತು ಎಂದು ಅವನು. ಸಿದ್ದರಾಜಣ್ಣ ಬೆನ್ನು ತಿರುಗಿಸಿ ಹೊರಟರು. ಗಿರೀಶ ಬಂಡೆಗೆ ಒರಗಿಸಿದ್ದ ಹಾರೆ ಎತ್ತಿಕೊಂಡು ಹಿಂದಿನಿಂದ ತಲೆಗೆ ಹೊಡೆದ. ಮೊದಲ ಏಟಿಗೆ ಅವರು ಮಂಡಿಯೂರಿದರು. ತಲೆ ಮುಟ್ಟಿಕೊಂಡು ಕೈ ನೋಡಿಕೊಂಡರು. ಆಮೇಲೆ ಊರಿನ ಕಡೆ ಮುಖ ಮಾಡಿ ಕೂಗಿದರು — "ಅಮ್ಮಣ್ಣೀ..." ಎರಡನೇ ಏಟು ಬಿತ್ತು. ಆ ಸದ್ದು — ಅದನ್ನು ನಾನು ಎಷ್ಟೋ ಕತೆಗಳಲ್ಲಿ ಬರೆದಿದ್ದೆ, ಒಂದೂ ಸರಿಯಾಗಿರಲಿಲ್ಲ ಎಂದು ಆವತ್ತು ತಿಳಿಯಿತು. ಅವರ ಕಾಲು ಅದುರುತ್ತಲೇ ಇತ್ತು. ಗಿರೀಶ ಕಾಲು ಹಿಡಿದು ಎಳೆದುಕೊಂಡು ಹೋಗಿ ಗುಂಡಿಗೆ ತಳ್ಳಿದ.

ತಿರುಗಿದಾಗ ನಾನು ಅವನ ಕಣ್ಣಿಗೆ ಬಿದ್ದೆ. ಅವನು ಓಡಲಿಲ್ಲ, ಕೂಗಲೂ ಇಲ್ಲ. ಹಾರೆಯನ್ನು ಮಣ್ಣಿನಲ್ಲಿ ಉಜ್ಜುತ್ತಾ ನನ್ನ ಹತ್ತಿರವೇ ಬಂದ. ಕಟ್ಟಿನಿಂದ ಒಂದು ಪುಸ್ತಕ ಎಳೆದು ಬೆರಳು ಒರೆಸಿಕೊಂಡ.

"ಕತೆ ಬರಿಯೋರಲ್ವಾ ನೀವು? ಕತೆನೇ ಬರ್ಕೊಂಡಿರಿ. ಕಂಡಿದ್ದ ಬರಿಯಕ್ಕೋಗ್ಬೇಡಿ. ನಿಮ್ ಮನೇನೂ ನಂಗೊತ್ತು."

ಮೊಪೆಡ್ಡನ್ನು ತಳ್ಳಿಕೊಂಡು ಹೊರಟುಬಂದೆ. ಪೊಲೀಸರ ಬಳಿ ಹೋಗಲಿಲ್ಲ. ಸಿದ್ದರಾಜಣ್ಣ ಕಾಲು ಜಾರಿ ಬಿದ್ದು ಸತ್ತರು ಎಂದಾಯಿತು. ನಿಮ್ಮ ತಂದೆಯನ್ನೂ ಠಾಣೆಗೆ ಕರೆಸಿ, ಜಗಳದ ವಿಚಾರ ಕೇಳಿ, ಏನೂ ಸಿಗದೆ ಬಿಟ್ಟರು.

ಇಷ್ಟಕ್ಕೇ ನಿಂತಿದ್ದರೆ ನನ್ನದು ಹೆದರಿಕೆಯ ಪಾಪ ಮಾತ್ರ. ಅಷ್ಟಕ್ಕೆ ನಿಲ್ಲಲಿಲ್ಲ. ಆ ಕೂಗು ನನ್ನೊಳಗೆ ಸುತ್ತುತ್ತಿತ್ತು. ಬರೆದರೆ ಹೋಗುತ್ತದೆ ಅನ್ನಿಸಿತು — ಹಾಗೆಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ಅಂಥ ವಸ್ತು ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಊರಿಗೆ ಬೇರೆ ಹೆಸರಿಟ್ಟೆ, ಜನರಿಗೆ ಬೇರೆ ಹೆಸರಿಟ್ಟೆ. ಮೊದಲು ಬರೆದಾಗ ಕೊಂದವನು ಕ್ರಷರಿನವನೇ ಆಗಿದ್ದ. ಕೊನೆಯ ಅಧ್ಯಾಯ ಬರೆದು ಮತ್ತೊಮ್ಮೆ ಓದಿ ನೋಡಿದೆ. ಗಿರೀಶ ಓದಿದರೆ? ಓದುವವರು ಯಾರಾದರೂ ಅವನಿಗೆ ಹೇಳಿದರೆ? ಜೊತೆಗೆ ಇನ್ನೊಂದು — ಇದನ್ನು ಹೇಳಲು ನಾಲಿಗೆ ಏಳುವುದಿಲ್ಲ — ಕ್ರಷರಿನವನು ಕೊಂದ ಎಂದರೆ ಓದುಗನಿಗೆ ಬೆಚ್ಚಿಬೀಳಲು ಏನಿದೆ? ಒಡಹುಟ್ಟಿದವನೇ ಕೊಂದ ಎಂದರೆ ಕತೆ ಏಳುತ್ತದೆ. ಆ ಅಧ್ಯಾಯ ಹರಿದು ಹಾಕಿದೆ. ತಮ್ಮನ ಕೈಗೆ ಹಾರೆ ಕೊಟ್ಟೆ. ಉಳಿದದ್ದೆಲ್ಲ ಕಂಡಂತೆಯೇ ಬಿಟ್ಟೆ. ಮಂಡಿಯೂರಿದ್ದು, ಕೈ ನೋಡಿಕೊಂಡದ್ದು, ಆ ಕೂಗು.

ನಿಮ್ಮೂರಿನ ಮನೆಯೊಂದರಲ್ಲಿ ಹೆಂಗಸರು ಬಿದಿರಿನ ತಟ್ಟೆಯಾದ ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುತ್ತಾ ಕೂತಿದ್ದಾಗ, ಓದು ಬಲ್ಲ ಹುಡುಗಿಯೊಬ್ಬಳು ಆ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಳಂತೆ. ನಿಮ್ಮ ದೊಡ್ಡಮ್ಮ ಜಯಮ್ಮನವರೂ ಅಲ್ಲಿದ್ದರು. ಮಾರನೆಯ ದಿನ ಬಸ್ಸು ಹತ್ತಿ ರಾಮನಗರಕ್ಕೆ ಬಂದರು. ಪುಸ್ತಕ ಕೈಯಲ್ಲಿ ಹಿಡಿದು ನನ್ನ ಬಾಗಿಲಲ್ಲಿ ನಿಂತರು. ಅಳು ಇಲ್ಲ, ಕೋಪ ಇಲ್ಲ.

"ಅಮ್ಮಣ್ಣಿ ಅಂತ ನನ್ನ ಒಬ್ಬಳ್ನೇ ಇದ್ದಾಗ ಕರೀತಿದ್ರು, ನಾಕ್ ಜನರ ಮುಂದೆ ಯಾವತ್ತೂ ಕರ್ದೋರಲ್ಲ. ನಿಮ್ಗೆಂಗ್ ಗೊತ್ತಾಯ್ತು ಸಾಮಿ? ಇದ್ರಾಗಿರಾದು ನಿಜ್ವಾ?"

ಭಾಗ್ಯಮ್ಮ, ಆ ಬಾಗಿಲಲ್ಲಿ ನನಗೆ ಎಲ್ಲ ಅವಕಾಶವೂ ಇತ್ತು. ಕತೆ ತಾಯಿ, ಕಟ್ಟಿದ್ದು ಎನ್ನಬಹುದಿತ್ತು. ಗಿರೀಶನ ಹೆಸರು ಹೇಳಬಹುದಿತ್ತು. ಬಾಯಿ ಮುಚ್ಚಿಕೊಂಡಾದರೂ ಇರಬಹುದಿತ್ತು. ಕಂಡಿದ್ದೆ ಎಂದು ಒಪ್ಪಿಕೊಂಡರೆ ಸಾಕ್ಷಿಯಾಗಬೇಕು — ಅದೊಂದೇ ತಲೆಯಲ್ಲಿತ್ತು. ನಾನು ಹೇಳಿದ್ದು ಇಷ್ಟು:

"ಊರಲ್ಲಿ ಹಂಗ್ ಮಾತಾಡ್ಕೊತಾರೆ, ಕೇಳಿ ಬರೆದೆ."

ಅವರು ತಲೆಯಾಡಿಸಿದರು. ನೀರು ಕೊಡಲೇ ಎಂದು ಕೇಳಿದೆ, ಬೇಡ ಎಂದು ಹೊರಟರು.

ಆಮೇಲಿನದನ್ನು ನಿಮಗೆ ಹೇಳುವ ಯೋಗ್ಯತೆ ನನಗಿಲ್ಲ. ನೀವು ಬದುವಿನ ಮೇಲೆ ಕೂತಿದ್ದಿರಂತೆ, ಇನ್ನೂ ಶಾಲೆಗೆ ಸೇರಿರದ ಮಗು. ನಿಮ್ಮ ತಂದೆ ಸೊಪ್ಪು ಹೊರೆ ಕಟ್ಟುತ್ತಿದ್ದರು. ಜಯಮ್ಮನವರು ಸೊಪ್ಪು ಕಡಿಯುವ ಮಚ್ಚನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದರು. ಮೊದಲು ಕೈಗೆ, ಆಮೇಲೆ ಕುತ್ತಿಗೆಗೆ. ಹಿಪ್ಪುನೇರಳೆ ಸಾಲಿನ ನಡುವೆ ನಿಮ್ಮ ತಂದೆ ತೆವಳಿಕೊಂಡು ನಿಮ್ಮ ಕಡೆಗೇ ಬರುತ್ತಿದ್ದರಂತೆ. ತಲುಪಲಿಲ್ಲ. ಜಯಮ್ಮನವರು ಮಚ್ಚು ಅಲ್ಲೇ ಹಾಕಿ, ನಿಮ್ಮನ್ನು ಎತ್ತಿಕೊಂಡು ಹೋಗಿ ನಿಮ್ಮ ತಾಯಿಯ ಕೈಗೆ ಕೊಟ್ಟು, ತಾವೇ ನಡೆದುಕೊಂಡು ಠಾಣೆಗೆ ಹೋದರು.

ಸುದ್ದಿ ಪತ್ರಿಕೆಯಲ್ಲಿ ಬಂತು. ಅಂಗಡಿಗಳಿಂದ ನನ್ನ ಪುಸ್ತಕಕ್ಕೆ ಬೇಡಿಕೆ ಬಂತು. ಮತ್ತೆ ಅಚ್ಚು ಹಾಕಿಸಿದೆ, ಭಾಗ್ಯಮ್ಮ. ರಟ್ಟಿನ ಮೇಲೆ 'ನಿಜ ಘಟನೆ' ಎಂದು ಕೆಂಪಕ್ಷರದಲ್ಲಿ ಸೇರಿಸಿದೆ. ಹೆದರಿಕೆಯಿಂದ ಮಾಡಿದ್ದಲ್ಲ ಅದು. ಅದಕ್ಕೆ ನನ್ನ ಬಳಿ ಯಾವ ಹೆಸರೂ ಇಲ್ಲ.

ಜಯಮ್ಮನವರಿಗೆ ಜೀವಾವಧಿ ಆಯಿತು. ನಿಮ್ಮ ತಾಯಿ ನಿಮ್ಮನ್ನು ಕಟ್ಟಿಕೊಂಡು ಬೈರಾಪಟ್ಟಣದ ತವರಿಗೆ ಹೋದರು. ಅಲ್ಲಿಗೂ ಆ ಪುಸ್ತಕ ಬಂದಿತ್ತು. ಕೊಲೆಗಾರನ ಮಗಳು ಎಂದು ನಿಮ್ಮ ಮದುವೆಯ ಮಾತು ಮುರಿದದ್ದು ಕೇಳಿದಾಗಲೂ ನಾನು ಸುಮ್ಮನಿದ್ದೆ. ಜೈಲಿನಲ್ಲಿರುವ ಆ ಹೆಂಗಸು ನ್ಯಾಯ ಮಾಡಿದೆನೆಂದು ನೆಮ್ಮದಿಯಾಗಿದ್ದಾಳೆ, ಅದನ್ನೇಕೆ ಕಿತ್ತುಕೊಳ್ಳಲಿ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ. ಎಂಥ ದಯೆ ನನ್ನದು.

ಜಯಮ್ಮನವರು ಬಿಡುಗಡೆಯಾಗಿ ಬಂದದ್ದು ನಿಮಗೆ ಗೊತ್ತಿದೆ. ಅವರು ಮೊದಲು ಹೋದ ಮನೆಗಳಲ್ಲಿ ನನ್ನದೂ ಒಂದು ಎಂಬುದು ಗೊತ್ತಿರಲಾರದು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚೀಲದ ತುಂಬ ಅವರೆಕಾಯಿ ತಂದಿದ್ದರು. ನೀವು ಬರೀದೆ ಇದ್ದಿದ್ರೆ ನನ್ ಗಂಡನ ಸಾವು ನೆಲದಾಗೆ ಮುಚ್ಚೋಗ್ತಿತ್ತು ಎಂದು ಬಗ್ಗಿ ನನ್ನ ಕಾಲು ಮುಟ್ಟಿದರು. ನಾನು ಹಿಂದೆ ಸರಿಯಲಿಲ್ಲ. ಚೀಲ ತೆಗೆದುಕೊಂಡೆ. ಅವರು ಹೋದ ಮೇಲೆ ಅದನ್ನು ಬಿಚ್ಚಲೂ ಆಗಲಿಲ್ಲ, ಎಸೆಯಲೂ ಆಗಲಿಲ್ಲ.

ಕೊನೆಗೆ ಮಾಗಡಿ ಠಾಣೆಗೆ ಹೋಗಿ, ಕಂಡದ್ದನ್ನೆಲ್ಲ ಹೇಳಿಕೆ ಕೊಟ್ಟೆ. ಗಿರೀಶ ಈಗ ದೊಡ್ಡ ಕಂಟ್ರಾಕ್ಟರು. ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಪೊಲೀಸರು ಕೇಳಿದರು. ಕತೆ ಬರೆಯುತ್ತಿದ್ದೆ ಎಂದೆ. ಅಲ್ಲಿಂದ ನೇರ ಜಯಮ್ಮನವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತಿದ್ದರು. ಎಲ್ಲ ಹೇಳಿದೆ.

"ನಾನ್ ಬಂದ್ ಕೇಳ್ದಾಗ್ಲೂ ಗೊತ್ತಿತ್ತಾ?"

ಗೊತ್ತಿತ್ತು ಎಂದೆ.

"ಅವ್ನು ಕೈ ಮುಗ್ದ ಕಣಯ್ಯ. ನಾನಲ್ಲ ಅತ್ಗೆ, ಅಣ್ಣನ ಆಣೆ ನಾನಲ್ಲ ಅಂದ. ಮುಗ್ದಿದ್ ಕೈನೇ ಕಡ್ದೆ ನಾನು."

ಅವರು ತಮ್ಮ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದರು. ನನಗೆ ಹೊಡೆಯಲಿ ಎಂದು ಕಾದೆ. ಹೊಡೆಯಲಿಲ್ಲ. ನಾನು ಮೆಟ್ಟಿಲಿಳಿಯುವಾಗ, ಆ ಮಗೀಗೆ ಹೇಳು ಹೋಗು ಎಂದಷ್ಟೇ ಅಂದರು. ಅದಕ್ಕೇ ಇದನ್ನು ಬರೆದೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ, ಕ್ಷಮಿಸಬೇಕೋ ಬೇಡವೋ ಎನ್ನುವ ಭಾರವನ್ನೂ ನಿಮ್ಮ ಮೇಲೆ ಹಾಕಿದಂತೆ. ಬರುವ ವಾರ ಪೊಲೀಸರು ನನ್ನನ್ನು ಆ ಜಾಗಕ್ಕೆ ಕರೆದುಕೊಂಡು ಹೋಗುತ್ತಾರೆ. ಗುಂಡಿ ಇನ್ನೂ ಇದೆಯಂತೆ, ನೀರು ತುಂಬಿದೆಯಂತೆ. ಗಿರೀಶ ನಿಂತಿದ್ದ ಜಾಗ ತೋರಿಸಬೇಕು, ತೋರಿಸುತ್ತೇನೆ. ನಾನು ಕೂತಿದ್ದ ಜಾಗವನ್ನೂ ಅವರು ಕೇಳದೆಯೇ ತೋರಿಸುತ್ತೇನೆ. ಏನೂ ದೂರವಿಲ್ಲ. ಮೊದಲ ಏಟು ಬಿದ್ದಾಗ ಅಲ್ಲಿಂದ ನಾನು ಒಮ್ಮೆ ಕೂಗಿದ್ದರೆ ಗಿರೀಶನಿಗೆ ಕೇಳಿಸುತ್ತಿತ್ತು.