ಬೆಂಕಿ ಮುಟ್ಟದ ಊಟಕ್ಕೊಂದು ಪೆಟ್ಟಿಗೆ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಬೇಸಿಗೆಯಲ್ಲಿ, ನಾನು ಬೇಯಿಸಿದ್ದನ್ನು ಬಿಟ್ಟು ಬರೀ ಹಸಿ ಆಹಾರ ತಿನ್ನುತ್ತಿದ್ದೇನೆಂದು ಸೋಮವಾರಪೇಟೆಯ ಸುತ್ತಮುತ್ತ ಸುದ್ದಿಯಾಯಿತು. ಸುದ್ದಿ ಹಬ್ಬಿಸಿದವನು ನಾನೇ. ನಾನು ಎಸ್ಟೇಟಿನ ರೈಟರು. ಆಳುಗಳ ಹಾಜರಿ ಬರೆಯುವುದು ನನ್ನ ಕೆಲಸ, ಹೊಟ್ಟೆಯ ಬಗ್ಗೆ ಹೆದರುವುದು ನನ್ನ ಸ್ವಭಾವ. ಆದ್ದರಿಂದ ಎಲ್ಲರೂ ಸುಲಭವಾಗಿ ನಂಬಿದರು.

ನಿಜ ಸಂಗತಿ ಬೇರೆ. ನನ್ನ ಹೆಂಡತಿ ಒಲೆ ಹೊತ್ತಿಸುವುದನ್ನು ಬಿಟ್ಟಿದ್ದಳು.

ಹಿಂದಿನ ಮಳೆಗಾಲದಲ್ಲಿ ನಮ್ಮ ಆರು ವರ್ಷದ ಮಗಳು ಒಂದು ವಾರದ ಜ್ವರದಲ್ಲಿ ತೀರಿಕೊಂಡಳು. ಆ ಬೆಳಗ್ಗೆ ಮಗುವಿನ ಮೈ ಒರೆಸಲೆಂದು ಹೆಂಡತಿ ಒಲೆಯ ಮೇಲೆ ನೀರಿಟ್ಟಿದ್ದಳು. ಒದ್ದೆ ಸೌದೆ, ಉಳಿದ ದಿನಗಳಲ್ಲಿ ಊದಿ ಊದಿ ಕಣ್ಣು ಕೆಂಪಾಗುತ್ತಿತ್ತು. ಅವತ್ತು ಮಾತ್ರ ಚೆನ್ನಾಗಿ ಹೊತ್ತಿಕೊಂಡಿತು. ಎಲ್ಲ ಮುಗಿದ ಮೇಲೂ ಬೆಂಕಿ ಉರಿಯುತ್ತಲೇ ಇತ್ತು, ನೀರು ಕುದಿಯುತ್ತಲೇ ಇತ್ತು. ಇಳಿಸಬೇಕೆಂದು ಯಾರಿಗೂ ತೋಚಲಿಲ್ಲ.

ಆಮೇಲೆ ನನ್ನ ಅತ್ತಿಗೆ ಬಂದು ಕೆಲವು ತಿಂಗಳು ಅಡುಗೆ ನೋಡಿಕೊಂಡರು. ಅವರು ಗದರಿದರೆ ಹೆಂಡತಿ ಎರಡು ತುತ್ತು ತಿನ್ನುತ್ತಿದ್ದಳು. ಅತ್ತಿಗೆ ಊರಿಗೆ ಹೊರಟ ಮೇಲೆ ನಾನೇ ಒಲೆ ಹೊತ್ತಿಸಿದೆ. ಅವಳು ಎದ್ದು ಅಂಗಳಕ್ಕೆ ಹೋದವಳು ಬೆಂಕಿ ಆರುವವರೆಗೆ ಒಳಗೆ ಬರಲಿಲ್ಲ. ಬೆಂದದ್ದನ್ನು ಮುಟ್ಟಲೂ ಇಲ್ಲ. ಬಾಳೆಹಣ್ಣು, ತೆಂಗಿನಕಾಯಿ, ನೆನೆಹಾಕಿದ ಹೆಸರುಕಾಳು ತಿನ್ನುತ್ತಿದ್ದಳು, ಅದೂ ಕೈಗೆ ಕೊಟ್ಟರೆ ಮಾತ್ರ. ಸರಿ, ನಾನು ಒಲೆಯನ್ನೇ ಬಿಟ್ಟೆ.

ನಮ್ಮ ಕಡೆ ಮಾಡಿನ ಮೇಲೆ ಹೊಗೆ ಏಳದ ಮನೆ ಅಂದರೆ ಸಾವಾದ ಮನೆ. ಎರಡು ದಿನ ಹೊಗೆ ಕಾಣದೆ ಮೂರನೆಯ ದಿನ ಪಕ್ಕದ ತೋಟದ ಅಜ್ಜಿ ಒಂದು ಪಾತ್ರೆ ಅನ್ನ, ಒಂದು ಪಾತ್ರೆ ಸಾರು ಹೊತ್ತು, ಸೆರಗನ್ನು ಬಾಯಿಗಿಟ್ಟುಕೊಂಡೇ ಬಂದರು.

"ಯಾರಪ್ಪ ಹೋದ್ರು?"

"ಯಾರೂ ಇಲ್ಲ ಅಜ್ಜಿ. ನಾನು ಹಸಿ ಆಹಾರ ಶುರು ಮಾಡಿದ್ದೀನಿ. ಪ್ರಕೃತಿ ಚಿಕಿತ್ಸೆ." ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅದು.

"ಹಂಗಂದ್ರೆ? ದನ ತಿಂದಂಗಾ?"

"ಹೆಚ್ಚುಕಮ್ಮಿ ಹಂಗೇ."

"ನಿಂಗೆ ಹುಚ್ಚು ಹಿಡದ್ರೆ ಹಿಡ್ಕಳ್ಳಿ. ಆ ಹೆಣ್ಮಗೀನೂ ಯಾಕೆ ಗೂಟಕ್ಕೆ ಕಟ್ಟಾಕಿದ್ದೀಯ?"

ಒಳಗೆ ಹೆಂಡತಿಗೆ ಕೇಳಿಸಿರಬೇಕು. ಊರು ನನ್ನನ್ನು ಹುಚ್ಚನೆನ್ನಲಿ, ಅವಳನ್ನು ಪ್ರಶ್ನೆ ಕೇಳದಿದ್ದರೆ ಸಾಕೆಂದು ನಾನು ಆ ಸುಳ್ಳನ್ನು ಶ್ರದ್ಧೆಯಿಂದ ಸಾಕಿದೆ. ಮಡಿಕೇರಿಗೆ ಹೋಗಿ ಪ್ರಕೃತಿ ಚಿಕಿತ್ಸೆಯ ಒಂದು ಕಿರುಹೊತ್ತಿಗೆ ತಂದು, ಆಫೀಸಿನ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ. ಅವಲಕ್ಕಿ ಹಸಿಯೋ ಬೆಂದದ್ದೋ ಅದರಲ್ಲಿ ಬರೆದಿರಲಿಲ್ಲ. ಅದನ್ನು ಯೋಚಿಸಿಯೇ ಒಂದು ವಾರ ಕಳೆದೆ. ಪೇಟೆಗೆ ಹೋದಾಗ ಹೋಟೆಲಿನ ಹಿಂಬದಿಯ ಬೆಂಚಿನಲ್ಲಿ ಕೂತು ಇಡ್ಲಿ ತಿಂದು, ಅಪರಾಧಿಯಂತೆ ಮೀಸೆ ಒರೆಸಿಕೊಂಡು ಬರುತ್ತಿದ್ದೆ.

ಅವಳು ಮಾತ್ರ ನಿಜವಾಗಿಯೂ ಸೊರಗುತ್ತಿದ್ದಳು. ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ಬೇಸಿಗೆಯಲ್ಲಿ ಹೇಗೋ ಹಣ್ಣು ಸಿಗುತ್ತದೆ. ಮಳೆ ಹಿಡಿದರೆ ನಮ್ಮ ಬೆಟ್ಟಕ್ಕೆ ಸಂತೆಯಿಂದ ಏನೂ ಬರುವುದಿಲ್ಲ, ಬಂದದ್ದೂ ನಾಲ್ಕು ದಿನದಲ್ಲಿ ಕೊಳೆಯುತ್ತದೆ. ಬಿಸಿಲಲ್ಲಿ ಒಣಗಿಸಿಟ್ಟದ್ದಕ್ಕೆ ಆಷಾಢದ ಹೊತ್ತಿಗೆ ಬೂಷ್ಟು. ಮಳೆಯಲ್ಲೂ ಹಣ್ಣು ಒಣಗಿಸುವ ಉಪಾಯ ಸಿಗದಿದ್ದರೆ ಅವಳು ಆ ಮಳೆಗಾಲ ದಾಟುವುದಿಲ್ಲವೆಂದು ನನಗೆ ಖಚಿತವಾಗಿತ್ತು. ಚಿಂತೆ ಮಾಡುವುದು ನನ್ನ ಚಾಳಿ, ನಿಜ. ಆದರೆ ಹಿಂದಿನ ವರ್ಷ ಒಮ್ಮೆ ನನ್ನ ಚಿಂತೆ ಸುಳ್ಳಾಗಿರಲಿಲ್ಲ.

ಎಲ್ಲರ ಮನೆಯಲ್ಲೂ ಇರುವ ಒಲೆಯ ಮೇಲಿನ ಅಟ್ಟ ನಮಗೆ ಆಗದು. ಅದಕ್ಕೆ ಒಲೆ ಬೇಕು. ಉಳಿದದ್ದು ಎಸ್ಟೇಟಿನ ಏಲಕ್ಕಿ ಒಣಗಿಸುವ ಮನೆ. ಹೊರಗೆ ಬೆಂಕಿ ಹಾಕಿದರೆ ಒಳಗಿನ ತಗಡಿನ ಕೊಳವೆಗಳು ಕಾದು, ಮೇಲೆ ಸಾಲಾಗಿ ಜೋಡಿಸಿದ ಬಿದಿರಿನ ತಟ್ಟಿಗಳಿಗೆ ಬಿಸಿ ಏರುತ್ತದೆ. ಅದನ್ನು ನೋಡಿಕೊಳ್ಳುತ್ತಿದ್ದವನು ಒಬ್ಬ ಮುದುಕ. ನನಗೆ ತೋರಿಸಲೆಂದೇ ಒಂದು ಹೊರೆ ಸೌದೆ ಹಾಕಿದ.

"ಅಲ್ಲ ರೈಟ್ರೆ, ಬೆಂಕಿ ಮುಟ್ಟಿದ್ದು ತಿನ್ನಾಕಿಲ್ಲ ಅಂತೀರ, ಬೆಂಕಿ ಮನೇಗೇ ಬತ್ತೀರ!"

"ಬೇಯಬಾರದು ಕಣಯ್ಯ. ಒಣಗಬೇಕು ಅಷ್ಟೆ. ಬಿಸಿ ಎಷ್ಟಾಯ್ತು ಅಂತ ನಿಂಗೆ ಹೆಂಗೆ ಗೊತ್ತಾಗುತ್ತೆ?"

ನಾನು ತಟ್ಟಿಯ ಮೇಲೆ ಅಂಗೈ ಇಡಲು ಹೋದೆ. ಅವನು ತಡೆದ.

"ಕೈ ನಂಬಬ್ಯಾಡಿ, ಕೈ ಚರ್ಮ ದಪ್ಪ. ಕೆನ್ನೆ ಇಡಿ. ಜ್ವರ ಬಂದ ಮಗೀನ ಹಣೆ ಇರ್ತದಲ್ಲ, ಅಷ್ಟಿರ್ಬೇಕು. ಅದ್ಕಿಂತ ಜಾಸ್ತಿ ಆದ್ರೆ ಏಲಕ್ಕಿ ಹಸುರು ಹೋಯ್ತದೆ."

ಹೇಳಿದ ಮೇಲೆ ಅವನಿಗೆ ನೆನಪಾಯಿತು. ಬಗ್ಗಿ ಸುಮ್ಮನೆ ಸೌದೆ ಸರಿಮಾಡತೊಡಗಿದ. ನಾನು ಕೆನ್ನೆ ಇಟ್ಟೆ. ಅದು ಬಿದಿರಿನ ತಟ್ಟಿ ಎಂದು ನನಗೆ ಗೊತ್ತಿತ್ತು, ಕೆನ್ನೆಗೆ ಗೊತ್ತಿರಲಿಲ್ಲ. ಎಷ್ಟು ಹೊತ್ತು ಹಾಗೇ ಬಗ್ಗಿದ್ದೆನೋ. "ಸಾಕು ಏಳಿ ಅಯ್ಯ" ಎಂದು ಮುದುಕ ಭುಜ ಹಿಡಿದು ಎಬ್ಬಿಸಿದ.

ಏಲಕ್ಕಿ ಮನೆ ದೂರ, ಸೌದೆ ಜಾಸ್ತಿ ಬೇಕು ಎಂದು ಹೆಂಡತಿಗೆ ಹೇಳಿದೆ. ಅವಳೇನೂ ನನ್ನನ್ನು ಕಾರಣ ಕೇಳಿರಲಿಲ್ಲ.

ಕೊನೆಗೆ ಸೋಮವಾರಪೇಟೆಯ ತಗಡಿನ ಅಂಗಡಿಗೆ ಹೋದೆ. ಅಂಗಡಿಯ ಸಾಬರ ಎದುರು ಕಾಗದ ಹರಡಿದೆ: ಸೊಂಟದೆತ್ತರದ ತಗಡಿನ ಪೆಟ್ಟಿಗೆ, ಕೆಳಗೆ ಒಂದು ಲಾಟೀನು, ಅದರ ಹೊಗೆ ಹಣ್ಣಿಗೆ ತಾಗದಂತೆ ಹಿಂದೆ ಕೊಳವೆ, ಮೇಲೆ ತಂತಿ ಬಲೆಯ ನಾಲ್ಕು ತಟ್ಟೆ. ಹೆಂಡತಿ ದೇವರ ದೀಪ ಹಚ್ಚುವುದನ್ನು ಬಿಟ್ಟಿರಲಿಲ್ಲ. ಆದ್ದರಿಂದ ಲಾಟೀನನ್ನು ಸಹಿಸಬಹುದೆಂದು ನನ್ನ ಲೆಕ್ಕ.

"ಕೋಳಿಮರಿ ಮಾಡಾಕಾ ಸಾಮಿ?" ಎಂದರು ಸಾಬರು.

"ಬಾಳೆಹಣ್ಣಿಗೆ."

"ಬಾಳೆಹಣ್ಣು ಮೊಟ್ಟೆ ಇಡಲ್ಲ ಸಾಮಿ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಹೊಗೆ ಕೊಳವೆಯ ಸೇರುವೆಗೆ ಬೆಸುಗೆ ಸರಿಯಾಗಿ ಹಾಕಿ ಎಂದು ಮಾತ್ರ ಮೂರು ಸಲ ಹೇಳಿದೆ.

ಪೆಟ್ಟಿಗೆ ಮನೆಗೆ ಬಂದಾಗ ಮೊದಲ ಮಳೆ ಬಿದ್ದಾಗಿತ್ತು. ಹೆಂಡತಿ ಒಮ್ಮೆ ನೋಡಿದಳು, ಎದ್ದು ಹೋಗಲಿಲ್ಲ. ನಡುಮನೆಯಲ್ಲಿಟ್ಟು ಲಾಟೀನು ಹಚ್ಚಿದೆ. ಈಗ ಬಿಸಿ ಅಳೆಯುವ ಪ್ರಶ್ನೆ. ಇನ್ನೊಮ್ಮೆ ಕೆನ್ನೆ ಇಡಲು ಧೈರ್ಯ ಬರಲಿಲ್ಲ. ಜ್ವರ ನೋಡುವ ಗಾಜಿನ ಕಡ್ಡಿಯನ್ನು ಆಫೀಸಿನ ಮೇಜಿನ ಖಾನೆಯಲ್ಲಿ ಬಚ್ಚಿಟ್ಟಿದ್ದೆ, ಎಸೆಯಲಾಗಿರಲಿಲ್ಲ. ಅದನ್ನು ಜೇಬಿನಲ್ಲಿ ತಂದು, ಹೆಂಡತಿ ಹಿತ್ತಲಿಗೆ ಹೋದ ಸಮಯ ನೋಡಿ ಪೆಟ್ಟಿಗೆಯೊಳಗಿಟ್ಟೆ. ಸ್ವಲ್ಪ ಹೊತ್ತು ಬಿಟ್ಟು ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ಪಾದರಸದ ಗೆರೆ ಹುಡುಕುತ್ತಿದ್ದೆ.

"ಎಷ್ಟಿದೆ?"

ಬಾಗಿಲಲ್ಲಿ ನಿಂತಿದ್ದಳು. ಆ ಏಳು ದಿನ, ಗಂಟೆಗೊಮ್ಮೆ, ಇದೇ ಕಿಟಕಿಯ ಹತ್ತಿರ ನನ್ನನ್ನು ಇದೇ ಮಾತು ಕೇಳಿದ್ದಳು. ಆಗೆಲ್ಲ ನಾನು ಒಂದು ಡಿಗ್ರಿ ಕಡಿಮೆ ಹೇಳುತ್ತಿದ್ದೆ. ಒಂದು ಡಿಗ್ರಿ ಕಡಿಮೆ ಹೇಳಿದ್ದಕ್ಕೇ ಡಾಕ್ಟರರನ್ನು ಕರೆತರುವುದು ಒಂದು ದಿನ ತಡವಾಯಿತೇ ಎಂಬ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

"ನೂರಾ ನಾಲ್ಕು" ಎಂದೆ. ಈ ಸಲ ಇದ್ದದ್ದನ್ನೇ ಹೇಳಿದೆ.

ಅವಳು ಬಂದು ಬಗ್ಗಿ ಲಾಟೀನಿನ ಬತ್ತಿಯನ್ನು ಸ್ವಲ್ಪ ಇಳಿಸಿದಳು. ಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಝಾಡಿಸಿದಳು. "ನೀವು ಆಫೀಸಿಗೆ ಹೋಗಿ. ನಾನು ನೋಡ್ಕೋತೀನಿ."

ಆ ಮಳೆಗಾಲವೆಲ್ಲ ಅವಳು ಆ ಪೆಟ್ಟಿಗೆಯ ಪಕ್ಕ ಚಾಪೆ ಹಾಕಿಕೊಂಡು ಕೂತಳು. ಆಗಾಗ ಕೈಯಿಟ್ಟು ನೋಡುವಳು, ಬತ್ತಿ ಏರಿಸುವಳು, ಇಳಿಸುವಳು, ತಟ್ಟೆಗಳನ್ನು ಮೇಲೆ ಕೆಳಗೆ ಬದಲಿಸುವಳು. ನಾನು ಬಂದರೆ "ನೂರಾ ಎರಡಕ್ಕೆ ಇಳಿದಿದೆ" ಎನ್ನುವಳು. ಒಮ್ಮೊಮ್ಮೆ ಮೆಲ್ಲಗೆ ಏನೋ ಹೇಳುತ್ತಿರುತ್ತಿದ್ದಳು. ನಾನು ಹೊಸ್ತಿಲಲ್ಲೇ ನಿಂತು, ಕೆಮ್ಮಿ, ಒಳಗೆ ಹೋಗುತ್ತಿದ್ದೆ. ಅವಳ ಹೊಟ್ಟೆಗೆಂದು ತಂದ ಪೆಟ್ಟಿಗೆಗೆ ಅವಳು ಆರೈಕೆ ಮಾಡುತ್ತಿದ್ದಳು. ಸಂತೋಷಪಡಬೇಕೋ, ಪೆಟ್ಟಿಗೆಯನ್ನು ಎತ್ತಿ ಹೊರಗೆ ಹಾಕಬೇಕೋ ತಿಳಿಯಲಿಲ್ಲ. ಬಾಳೆಹಣ್ಣಿನ ಬಿಲ್ಲೆಗಳು ಮಾತ್ರ ಡಬ್ಬಿಗಟ್ಟಲೆ ತುಂಬಿದವು. ಕೈಗಿಟ್ಟರೆ ತಿನ್ನುವಳು, ಇಲ್ಲದಿದ್ದರೆ ಇಲ್ಲ.

ಶ್ರಾವಣದಲ್ಲಿ ಒಂದು ದಿನ ರಸ್ತೆಗೆ ಮರ ಬಿದ್ದು, ಪೇಟೆಯಿಂದ ಸೀಮೆಎಣ್ಣೆ ಬರಲಿಲ್ಲ. ಮಧ್ಯಾಹ್ನ ಗಾಬರಿಯಲ್ಲಿ ಓಡಿಬಂದೆ. ಲಾಟೀನು ಆರಿತ್ತು. ಅವಳು ಪೆಟ್ಟಿಗೆಯ ಬಾಗಿಲು ತೆರೆದು, ಒಳಗೆ ಕೈಯಿಟ್ಟು ಕೂತಿದ್ದಳು.

"ತಣ್ಣಗಾಗಿದೆ ರೀ" ಎಂದಳು.

"ಆಳುಗಳ ಲೈನ್ ಮನೆಗಳಲ್ಲಿ ಯಾರ ಹತ್ರಾನಾದ್ರೂ ಎಣ್ಣೆ ಇರುತ್ತೆ, ಕೇಳ್ಕೊಂಡು ಬರ್ತೀನಿ. ಹತ್ತೇ ನಿಮಿಷ..."

"ಬೇಡ. ಎಲ್ಲಿಗೂ ಹೋಗಬೇಡಿ."

ನಾನು ಒದ್ದೆ ಕೊಡೆಯನ್ನು ಹಿಡಿದುಕೊಂಡೇ ಅವಳ ಎದುರು ಕೂತೆ. ಎಷ್ಟೋ ಹೊತ್ತು ಅವಳ ಕೈ ಒಳಗೇ ಇತ್ತು. ಆಮೇಲೆ ಅಳತೊಡಗಿದಳು. ಹಿಂದಿನ ವರ್ಷ ಊರವರೆಲ್ಲ ಅತ್ತಾಗ ಅವಳು ಅತ್ತಿರಲಿಲ್ಲ. ಅತ್ತು ಮುಗಿದ ಮೇಲೆ ತಟ್ಟೆಯಿಂದ ಇನ್ನೂ ಅರ್ಧ ಹಸಿಯಾಗಿದ್ದ ಒಂದು ಬಿಲ್ಲೆ ಎತ್ತಿ ಬಾಯಿಗೆ ಹಾಕಿಕೊಂಡಳು. ನಾನು ಕೊಟ್ಟಿರಲಿಲ್ಲ. ಇನ್ನೊಂದು ತೆಗೆದಳು. ಹಸಿದವರು ತಿನ್ನುವ ಹಾಗೆ ತಿಂದಳು.